ಎದುರಿಗೆ ಏನಿದೆ

ಅಮ್ಮ ಸೀರೆ ಕೊಳ್ಳುವಾಗ ಅಂಚಿನಿಂದ ಒಂದೆಳೆ ಕಿತ್ತು
ಕಡ್ಡಿ ಗೀರಿ ಸುಡುತ್ತಿದ್ದಳು, ಅಂಗಡಿಯವನ ಮುಂದೆಯೇ.
ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ.
ಗುಂಡಗೆ ಕರಗಿ ಬೆರಳಿಗಂಟಿದರೆ
ಏನೂ ಅನ್ನದೆ ಸೆರಗು ಕೊಡವಿ ಎದ್ದುಬಿಡುತ್ತಿದ್ದಳು.

ನಾನು ಫೋನಿನಲ್ಲಿ ಕೊಂಡೆ.
ಶ್ರೀರಾಂಪುರದ ನನ್ನ ಆರಡಿ ಅಂಗಡಿಯಲ್ಲಿ,
ಕರೆಂಟು ಹೋಗಿ ಮಿಷನ್ನು ನಿಂತ ಮಧ್ಯಾಹ್ನ,
ಯಾರದೋ ಅರ್ಧ ಹೊಲಿದ ರವಿಕೆ ತೊಡೆಯ ಮೇಲಿಟ್ಟುಕೊಂಡು.
ಎಂಟುನೂರಾ ತೊಂಬತ್ತೊಂಬತ್ತಕ್ಕೆ ರಾಣಿ ಬಣ್ಣದ ರೇಷ್ಮೆ;
ಇನ್ನು ಹನ್ನೊಂದೇ ನಿಮಿಷವೆಂದು
ಕೆಂಪು ಅಂಕಿ ಕೆಳಗಿಳಿಯುತ್ತಿತ್ತು.
ಗಾಜನ್ನು ಎಷ್ಟು ಸವರಿದರೂ ಗಾಜೇ.
ಬಟ್ಟೆಯ ಹಿಂಬದಿ ನೋಡೋಣವೆಂದು ತಿರುಗಿಸಿದರೆ
ಫೋನಿನ ಕವಚದೊಳಗೆ ಮೆಟ್ರೋ ಕಾರ್ಡು, ಒಂದು ಸೇಫ್ಟಿ ಪಿನ್ನು.

ಇಪ್ಪತ್ತು ವರ್ಷ ಬಟ್ಟೆ ಕತ್ತರಿಸಿದ ಕೈ ಇದು.
ಮುಬೀನಾ ಕೇಳಿದಳು, "ಅಕ್ಕಾ, ಮನೆಗೆ ಬಂದ್ಮೇಲೆ ದುಡ್ಡು ಅಂತ ಇಲ್ವಾ?"
ಇರಲಿಲ್ಲ. ಮೊದಲೇ ಕಟ್ಟಬೇಕಿತ್ತು.
ಅಲ್ಲೇ ನನಗೆ ಗೊತ್ತಾಗಬೇಕಿತ್ತು.
ಗೊತ್ತಾಗಿತ್ತು ಕೂಡ, ನಿಜ ಹೇಳಬೇಕೆಂದರೆ.
ಆದರೆ ರಾಣಿ ಬಣ್ಣ ಕಂಡರೆ ನಾನು ಯಾವತ್ತೂ ಹಾಗೆಯೇ.

ಏಳನೆಯ ದಿನ ಬಂದ ಕವರಿನಲ್ಲಿ
ಸೀರೆಯಂಥದ್ದೇನೋ ಇತ್ತು.
ಒಂದೆಳೆ ಕಿತ್ತು ಸುಟ್ಟೆ.
ಮಣಿಯಾಯಿತು.

ಕವರಿನ ಮೇಲಿನ ನಂಬರಿಗೆ ಮಾಡಿದರೆ
ಹೊಸ ಅಳಿಯನ ವಿನಯ, ಒಂದೇ ರಿಂಗಿಗೆ:
"ಸಾರಿ ಮೇಡಂ, ದುಡ್ಡು ಈಗ್ಲೇ ವಾಪಸ್.
ಲಿಂಕ್ ಕಳಿಸ್ತೀನಿ, ಒತ್ತಿ, ಪಿನ್ ಹಾಕಿ."
ಒತ್ತಿದೆ. ಎರಡು ಅಂಕಿ ಹಾಕಿದೆ.
ಮೂರನೆಯದರ ಮೇಲೆ ಬೆರಳು ತಾನೇ ನಿಂತಿತು,
ಹೊಲಿಗೆ ತಪ್ಪಿದಾಗ ಪೆಡಲಿನ ಮೇಲೆ ಕಾಲು ನಿಲ್ಲುವ ಹಾಗೆ.
ಕೊಡುವವಳಿಗಲ್ಲವೇ ಪಿನ್ನು? ಇಸಿದುಕೊಳ್ಳುವವಳಿಗೇಕೆ?
ಸಾಲ ತೀರಿಸಲು ಬಾಗಿಲಿಗೆ ಬಂದವರು
ನನ್ನ ಬೀರುವಿನ ಬೀಗದ ಕೈ ಕೇಳುತ್ತಾರೆಯೇ?

"ಅಂಗಡಿ ಎಲ್ಲಿ ನಿಮ್ದು?" ಅಂದೆ.
"ಚಿಕ್ಕಪೇಟೆ, ಮೇಡಂ."
"ಎದುರಿಗೆ ಏನಿದೆ?"

ಈ ಊರಲ್ಲಿ ಅಡ್ರೆಸ್ಸು ಅಂದರೆ ಅಷ್ಟೇ ತಾನೆ,
ಮನೆ ನಂಬರು ಯಾರಿಗೆ ನೆನಪಿರುತ್ತದೆ;
ಬೇವಿನ ಮರದ ಎದುರು, ಹಿಟ್ಟಿನ ಗಿರಣಿಯ ಪಕ್ಕ,
ಹಳೇ ಟಾಕೀಸಿದ್ದ ಜಾಗದ ಹಿಂದೆ.
ಇಲ್ಲದ ಅಂಗಡಿಗೆ ಎದುರೆಂಬುದು ಎಲ್ಲಿಂದ ಬರಬೇಕು?
ಆ ಕಡೆ ಬರೀ ಫ್ಯಾನಿನ ಸದ್ದು.
ಆಮೇಲೆ ಅದೂ ಇಲ್ಲ.

ಪಿನ್ನು ಬದಲಾಯಿಸಿದೆ. ಒಂದು ಒಂಬತ್ತು ಮೂರು ಸೊನ್ನೆಗೆ
ಫೋನು ಮಾಡಿ ದೂರು ಬರೆಸಿದೆ.
ಆದರೂ ಮನಸ್ಸು ಕೇಳದೆ, ಶನಿವಾರ ಮೆಟ್ರೋ ಹತ್ತಿ
ಬಿಲ್ಲಿನಲ್ಲಿದ್ದ ಅಡ್ರೆಸ್ಸು ಹುಡುಕಿಕೊಂಡು ಹೋದೆ.
ಎರಡು ಸ್ಕೂಟರು ಎದುರಾದರೆ ಒಂದು ಹಿಂದೆ ಸರಿಯಬೇಕಾದ ಗಲ್ಲಿ.
ಅಂಗಡಿ ಇತ್ತು!
ಗುಂಡಿಯ ಅಂಗಡಿ. ಗೋಡೆ ತುಂಬ ಡಬ್ಬಿ,
ಒಳಗಿರುವ ಗುಂಡಿಯನ್ನೇ ಒಂದೊಂದು ಹೊರಗೆ ಹೊಲಿದು ತೋರಿಸಿದ್ದು.

ನನ್ನ ಕೈಯ ಬಿಲ್ಲು ನೋಡಿ ಪುಖರಾಜ್ ಸೇಠರು
ಮಾತಾಡದೆ ಒಂದು ನೋಟ್‌ಬುಕ್ಕು ತೆಗೆದರು.
"ಬರಿಯಮ್ಮ. ಹೆಸರು, ಏರಿಯಾ, ಎಷ್ಟು ಹೋಯ್ತು.
ನೀನು ಹದಿನೇಳನೆಯೋಳು.
ಹೊಸಕೋಟೆಯಿಂದ ಒಬ್ಬ ಹುಡುಗ ಕುಕ್ಕರ್ ಕೇಳ್ಕೊಂಡು ಬಂದಿದ್ದ.
ತುಮಕೂರಿನಾಕೆ ಆ ಮೆಟ್ಟಿಲ ಮೇಲೆ ಕೂತು ಅತ್ತಳು, ಟೀ ತರಿಸ್ದೆ.
ಸ್ಟೇಷನ್ನಿಗೆ ಒಂದು ಕಾಪಿ ಕೊಟ್ಟಿದೀನಿ.
ನನ್ನ ಗಲ್ಲಾ ಮುಟ್ಟಿಲ್ಲ ನೋಡು, ಬಾಗಿಲು ಕದ್ದಿದಾರೆ."

ಪಂಕಜಾಕ್ಷಿ, ಶ್ರೀರಾಂಪುರ, ಎಂದು ಬರೆದೆ.
ಮೂರನೆಯ ಕಾಲಮ್ಮಿನಲ್ಲಿ ಪೆನ್ನು ತಡೆಯಿತು;
ಮೂರಂಕಿಯೇ, ಬರೆದೆ.

ಬರಿಗೈಲಿ ಇಳಿಯಲಾರದೆ ಎರಡು ಡಜನ್ ಹುಕ್ಕು ಕೊಂಡೆ.
ಸ್ಕ್ಯಾನ್ ಮಾಡಿ, ಮೂಡಿದ ಹೆಸರನ್ನು ಜೋರಾಗಿ ಓದಿ,
ಅವರು ಹೌದೆಂದು ತಲೆಯಾಡಿಸಿದ ಮೇಲೆ ಪಿನ್ನೊತ್ತಿದೆ.
ಮೂವತ್ತು ರೂಪಾಯಿ ಬಂತೆಂದು ಪೆಟ್ಟಿಗೆ ಕೂಗಿತು.

ಮೆಟ್ಟಿಲ ಮೇಲೆ ನಿಂತು ನೋಡಿದೆ, ಎದುರಿಗೆ ಏನಿದೆ ಎಂದು.
ಬೀಗದ ಕೈ ಮಾಡುವವನೊಬ್ಬ ಹರಿದ ಕೊಡೆಯ ಕೆಳಗೆ ಕೂತು
ಯಾರದೋ ಬೀಗಕ್ಕೆ ಕಿವಿಗೊಟ್ಟಿದ್ದ.